ರೊಟ್ಟಿ ಬಡಿಯಲು ಒಂದು ಫ್ಲ್ಯಾಟ್

೨೦೦೬ನೇ ಇಸವಿ. ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಐದು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಒಬ್ಬ ಬಿಲ್ಡರ್ ಬಳಿ ನಾನು ಸೇಲ್ಸ್ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಅಂದ ಮಾತ್ರಕ್ಕೆ ದೊಡ್ಡ ಚೇಂಬರ್ ಇತ್ತು ಎಂದುಕೊಳ್ಳಬೇಡಿ. ಗೇಟಿನ ಪಕ್ಕ ಒಂದು ತಗಡಿನ ಶೆಡ್ಡು, ಅದರೊಳಗೆ ಗೊರಗೊರ ಅನ್ನುವ ಏಸಿ, ಗಾಜಿನ ಪೆಟ್ಟಿಗೆಯಲ್ಲಿ ಥರ್ಮೋಕೋಲಿನ ಕಟ್ಟಡ, ನಾಲ್ಕು ಕುರ್ಚಿ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬಿ.ಕಾಂ. ಎಂದು ಹಾಕಿಸಿಕೊಂಡಿದ್ದೆ. ಎಂಬಿಎ ಮಾಡಿದ ಹುಡುಗರು ಅದನ್ನು ನೋಡಿ ನಗುತ್ತಿದ್ದರು. ನಗಲಿ. ನಮ್ಮಪ್ಪ ಲಿಂಗಸುಗೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡ ಮೊದಲನೆಯವನು ನಾನು. ಅಕೌಂಟೆನ್ಸಿಯಲ್ಲಿ ಎರಡು ಸಲ ಫೇಲಾಗಿ, ರಾಯಚೂರಿನ ಲಾಡ್ಜೊಂದರ ಕೌಂಟರಿನಲ್ಲಿ ಕೂತು ಓದಿ, ಮೂರನೇ ಸಲ ಪಾಸಾದವನು. ಆ ಎರಡು ಅಕ್ಷರ ನನಗೆ ಪುಕ್ಕಟೆ ಬಂದದ್ದಲ್ಲ, ಹಾಗಾಗಿ ಹಾಕಿಸಿಕೊಂಡೆ.

ಅದು ಐಟಿ ಉಬ್ಬರದ ಕಾಲ. ಭಾನುವಾರ ಬಂತೆಂದರೆ ಕೊರಳಲ್ಲಿ ಐಡಿ ಕಾರ್ಡು ತೆಗೆಯುವುದನ್ನೂ ಮರೆತ ಗಂಡ ಹೆಂಡಿರು ಸಾಲಾಗಿ ಬರುತ್ತಿದ್ದರು. ಬಂದವರೆಲ್ಲ ಕೇಳುವುದು ಒಂದೇ ಮಾತು: 'ರೇಟ್ ಎಷ್ಟು ಕಮ್ಮಿ ಮಾಡ್ತೀರಿ?'

ಆ ವ್ಯಾಪಾರದ ಒಳಗಿನ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಲ್ಡರ್ ಚದರಡಿ ದರವನ್ನು ಸುಮ್ಮನೆ ಇಳಿಸುವುದಿಲ್ಲ. ಇವತ್ತು ಒಬ್ಬರಿಗೆ ನೂರು ರೂಪಾಯಿ ಇಳಿಸಿದರೆ, ಹೋದ ತಿಂಗಳು ಬುಕ್ ಮಾಡಿದವರೆಲ್ಲ ನಾಳೆ ಬೆಳಿಗ್ಗೆ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಾರೆ. ಮುಂದೆ ಬರುವವರು ಆ ಇಳಿದ ದರದಿಂದಲೇ ಚೌಕಾಸಿ ಶುರು ಮಾಡುತ್ತಾರೆ. ಅದಕ್ಕೇ ದರವನ್ನು ಮುಟ್ಟದೆ ಬೇರೆ ರೂಪದಲ್ಲಿ ಕೊಡುತ್ತೇವೆ. ಮಾಡ್ಯುಲರ್ ಕಿಚನ್, ಕಾರ್ ಪಾರ್ಕಿಂಗ್, ಕ್ಲಬ್ ಮೆಂಬರ್‌ಶಿಪ್, ಬಂಗಾರದ ನಾಣ್ಯ, ಕೈ ತೀರಾ ಬಿಗಿಯಾದಾಗ ರಿಜಿಸ್ಟ್ರೇಷನ್ ಖರ್ಚು. ಇವಕ್ಕೆ ಇನ್ಸೆಂಟಿವ್ ಎಂದು ಹೆಸರು. ಬಂದವರಲ್ಲಿ ಹೆಚ್ಚಿನವರು ನಾವು ತೋರಿಸಿದ್ದನ್ನು ನೋಡಿ ಖುಷಿಪಟ್ಟು ಸಹಿ ಹಾಕುತ್ತಿದ್ದರು. ತಮಗೆ ಏನು ಬೇಕೆಂದು ಕೇಳಿದವರು ಕಡಿಮೆ. ಹಾಗೆ ಕೇಳಿದ ಒಬ್ಬರ ಕಥೆ ಇದು.

ಚಳಿಗಾಲದ ಒಂದು ಭಾನುವಾರ ಪಟಾನ್‌ಚೆರುವಿನಿಂದ ಸಿದ್ರಾಮ ಮತ್ತು ಅವರ ಹೆಂಡತಿ ಮಹಾನಂದಾ ಬಂದರು. ಆತ ಅಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಆಪರೇಟರ್. ನನ್ನ ಜೊತೆ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದರು. ಮೂರನೇ ಮಹಡಿಯ ಪೂರ್ವದ ಬಾಗಿಲಿನ ೩೦೪ನ್ನು ತೋರಿಸಿದೆ. ಆತನಿಗೆ ಮನೆ ಹಿಡಿಸಿಬಿಟ್ಟಿತು. ಕಿಟಕಿ ತೆಗೆದು, ಹಾಕಿ, ಮತ್ತೆ ತೆಗೆದರು. ಆಕೆ ಮಾತ್ರ ಅಡುಗೆಮನೆಯಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದರು. ಆಮೇಲೆ ಗಂಡನ ಕಿವಿಯ ಹತ್ತಿರ ಹೇಳಿದರು: "ಈ ಮನಿ ಕೆಳಗ ಯಾರ ಇರ್ತಾರಂತ ಕೇಳ್ರಿ."

"ಒಳ್ಳೆ ಮಂದಿ ಇರ್ತಾರ್ರಿ ವೈನಿ, ಗಂಡ ಹೆಂಡ್ತಿ ಇಬ್ರೂ ಸಾಫ್ಟ್‌ವೇರು," ಎಂದೆ ನಾನು, ನಮ್ಮ ಕಡೆ ಅತ್ತಿಗೆಯನ್ನು ಕರೆಯುವ ಹಾಗೆ.

ಇಬ್ಬರೂ ಬೆಚ್ಚಿ ನನ್ನ ಕಡೆ ತಿರುಗಿದರು. ಸಿದ್ರಾಮ ಹಣೆ ಚಚ್ಚಿಕೊಂಡರು. "ನಮ್ಮವರ ಅದೀರೇನ್ರಿ! ಒಂದು ತಾಸಿನಿಂದ ನನ್ನ ತೆಲುಗು ಕೇಳಿ ಸುಮ್ಮ ಕುಂತೀರಲ್ರಿ!"

"ನಿಮ್ಮ ತೆಲುಗು ಭಾಳ ಚಲೋ ಇತ್ತು, ನಡುವ ಬಾಯಿ ಹಾಕಾಕ ಮನಸ್ಸಾಗ್ಲಿಲ್ಲ."

ಅವರು ಸಿಂದಗಿ ಕಡೆಯವರು. ಮಹಾನಂದಾ ನಗಲಿಲ್ಲ. ಕೇಳಬೇಕಾದ್ದು ಇನ್ನೂ ಇತ್ತು. "ಆ ಕೆಳಗಿನವರು ಮುಂಜಾನೆ ಎಷ್ಟಕ್ಕ ಏಳ್ತಾರ್ರಿ?"

"ಅಮೇರಿಕಾದ ಕೆಲಸ ವೈನಿ. ರಾತ್ರಿ ಎಲ್ಲ ದುಡದು ಅವರು ಮಲಗೂದೇ ಮುಂಜಾನೆ."

ಆಕೆಯ ಮುಖ ಸಣ್ಣದಾಯಿತು. ನಾನು ಮಾರುವವನ ಉತ್ಸಾಹದಲ್ಲಿ ನಮ್ಮ ಇನ್ಸೆಂಟಿವ್‌ಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಬಂಗಾರದ ನಾಣ್ಯ ಅಂದಾಗ ಸಿದ್ರಾಮ ಒಂದು ಹೆಜ್ಜೆ ಮುಂದೆ ಬಂದರು. ಮಹಾನಂದಾ ಮಾತ್ರ ಹೂಂ ಅನ್ನಲಿಲ್ಲ. ಶೆಡ್ಡಿಗೆ ಕರೆದೊಯ್ದು ಚಹಾ ತರಿಸಿ, ಅಡ್ಡ ಮಾತು ಬಿಟ್ಟು ಕೇಳಿದೆ: "ವೈನಿ, ಏನ್ ತೊಂದ್ರಿ? ಖರೇ ಹೇಳ್ರಿ."

"ನಾವು ಈ ಊರಾಗ ಮೂರು ಬಾಡಗಿ ಮನಿ ಬಿಟ್ಟೀವ್ರಿ."

"ಯಾಕ?"

"ರೊಟ್ಟಿ ಬಡದದ್ದಕ್ಕ."

ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಜೋಳದ ರೊಟ್ಟಿ ಲಟ್ಟಿಸುವ ಅಡುಗೆಯಲ್ಲ. ಹಲಗೆಯ ಮೇಲೆ ಹಿಟ್ಟಿಟ್ಟು ಅಂಗೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ನಮ್ಮೂರಿನ ಮಣ್ಣಿನ ನೆಲದ ಮನೆಯಲ್ಲಿ ಆ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು, ಎಚ್ಚರವಾದದ್ದಕ್ಕೆ ಖುಷಿಯೂ ಆಗುತ್ತಿತ್ತು. ಸಿಮೆಂಟಿನ ಕಟ್ಟಡದಲ್ಲಿ ಅದೇ ಸದ್ದು ಕೆಳಗಿನ ಮನೆಯವರ ನೆತ್ತಿಯ ಮೇಲೆ ಬೀಳುತ್ತದೆ. ಮಹಾನಂದಾ ಬಡಿಯುತ್ತಿದ್ದದ್ದು ಮನೆಮಂದಿಗೆ ನಾಲ್ಕು ರೊಟ್ಟಿಯಲ್ಲ. ಗಚ್ಚಿಬೌಲಿ, ಮಾದಾಪುರದ ಕಡೆ ರೂಮು ಮಾಡಿಕೊಂಡಿದ್ದ ನಮ್ಮ ಕಡೆಯ ಐಟಿ ಹುಡುಗರಿಗೆ ದಿನಾ ಬೆಳಿಗ್ಗೆ ಡಬ್ಬಿ ಕಳಿಸುತ್ತಿದ್ದರು. ಮೊದಲು ವಿಜಾಪುರ, ಬಾಗಲಕೋಟೆಯ ಹುಡುಗರು ಅಷ್ಟೇ ಇದ್ದರಂತೆ. ಅವರ ಡಬ್ಬಿಗೆ ಕೈ ಹಾಕಿ ಹಾಕಿ ಮೈಸೂರು, ಮಂಗಳೂರಿನ ಹುಡುಗರೂ ಗಿರಾಕಿಗಳಾಗಿದ್ದರು.

ಸಿದ್ರಾಮ ಚಹಾದ ಕಪ್ಪು ಕೆಳಗಿಟ್ಟರು. "ನನ್ನ ಪಗಾರ ಮಕ್ಕಳ ಸಾಲಿ ಫೀಗೆ, ಮನಿ ಖರ್ಚಿಗೆ ಸರಿ ಹೋಗ್ತೈತ್ರಿ. ಬ್ಯಾಂಕಿನ ಕಂತು ಕಟ್ಟೂದು ಈಕಿ ಕೈ."

ಅಂದರೆ ಮಾತು ಸ್ಪಷ್ಟವಾಗಿತ್ತು. ರೊಟ್ಟಿ ನಿಂತರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಮನೆ ಹೋಗುತ್ತದೆ. ಬಾಡಿಗೆ ಮನೆಯಾದರೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಸ್ವಂತ ಮನೆಯಲ್ಲಿ ಕೆಳಗಿನವರು ಜಗಳಕ್ಕೆ ಬಂದರೆ ಓಡಿ ಹೋಗಲು ಜಾಗವಿಲ್ಲ.

"ಹಂಗಾದ್ರ ಇವತ್ತ ಬುಕ್ ಮಾಡಬ್ಯಾಡ್ರಿ," ಎಂದೆ.

ಸಿದ್ರಾಮ ನನ್ನನ್ನೇ ನೋಡಿದರು. "ನೀವು ಮನಿ ಮಾರಾಕ ಕುಂತೀರೋ, ಬಂದವರನ್ನ ಓಡಸಾಕ ಕುಂತೀರೋ?"

"ಒಂದು ವಾರ ತಡೀರಿ. ನಮ್ಮ ಸಾಹೇಬರ ಜೋಡಿ ಮಾತಾಡ್ತೀನಿ."

ನಮ್ಮ ಬಿಲ್ಡರನ್ನು ಎಲ್ಲರೂ ರಾವ್ ಗಾರು, ಅಂದರೆ ರಾವ್ ಅವರು, ಎನ್ನುತ್ತಿದ್ದರು. ಮಹಬೂಬ್‌ನಗರದ ಹಳ್ಳಿಯಿಂದ ಬಂದು ಮೇಸ್ತ್ರಿ ಕೆಲಸದಿಂದ ಮೇಲೇರಿದವರು. ರಾಯಚೂರಿನ ಗಡಿಯ ಕಡೆಯವರಾದ್ದರಿಂದ ಕನ್ನಡವೂ ಬರುತ್ತಿತ್ತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕಾರು. ವಿಷಯ ಹೇಳಿದೆ. ಬೇರೆ ಯಾವ ಬಿಲ್ಡರಾಗಿದ್ದರೂ, ರೊಟ್ಟಿ ತಾನೇ, ಮಾಡಿಕೊಳ್ಳಲಿ ಬಿಡು ಎಂದು ಸಹಿ ಹಾಕಿಸಿಕೊಳ್ಳುತ್ತಿದ್ದರು. ಆದರೆ ತೆಲಂಗಾಣದ ಆ ಭಾಗದಲ್ಲೂ ಜೋಳದ ರೊಟ್ಟಿಯೇ ಊಟ. ಇವರಿಗೆ ಆ ಸದ್ದು ಹುಟ್ಟಿದಾಗಿನಿಂದ ಗೊತ್ತು.

"ವದ್ದಯ್ಯಾ, ಬೇಡ," ಎಂದು ಎರಡೂ ಕೈ ಎತ್ತಿಬಿಟ್ಟರು. "ನಮ್ಮಮ್ಮ ಬಡಿಯೋಕೆ ಶುರು ಮಾಡಿದರೆ ಪಕ್ಕದ ಓಣಿ ಕೋಳಿ ಏಳ್ತಿತ್ತು. ಆ ಸದ್ದು ನನ್ನ ಬಿಲ್ಡಿಂಗ್‌ನಲ್ಲಾ? ಕೆಳಗಿನ ಸಾಫ್ಟ್‌ವೇರ್‌ನವರು ನನ್ನ ಕೊರಳಪಟ್ಟಿ ಹಿಡೀತಾರೆ."

"ಸಾರ್, ಊರಲ್ಲಿ ಕೇಳಿದ ಸದ್ದು ಅದು. ಈ ಸ್ಲ್ಯಾಬಿನ ಮೇಲೆ ಎಷ್ಟು ಬರುತ್ತೆ ಅಂತ ಯಾರಿಗೆ ಗೊತ್ತು? ಭಾನುವಾರ ಒಂದು ಗಂಟೆ ಕೊಡಿ. ಅವರು ಬಡೀಲಿ, ನೀವು ಕೇಳಿ."

ರಾವ್ ಗಾರು ನಕ್ಕರು. "ಫ್ಲ್ಯಾಟ್ ಮಾರೋಕೆ ರೊಟ್ಟಿ ಪರೀಕ್ಷೆ! ಸರಿ, ಚೂದ್ದಾಂ. ನೋಡೇ ಬಿಡೋಣ."

ಮುಂದಿನ ಭಾನುವಾರ ಬೆಳಿಗ್ಗೆ ಮಹಾನಂದಾ ಗಂಡನ ಜೊತೆ ಆಟೋದಲ್ಲಿ ಬಂದಿಳಿದರು. ಗ್ಯಾಸ್ ಒಲೆ, ಹಂಚು, ಹಲಗೆ, ಹಿಟ್ಟಿನ ಡಬ್ಬಿ, ಜೊತೆಗೆ ಮುಚ್ಚಿದ ಎರಡು ಪಾತ್ರೆ. ೩೦೪ರ ಹೊಸ ಟೈಲ್ಸಿನ ಮೇಲೆ ಗೋಣಿತಟ್ಟು ಹಾಸಿ ಕೂತರು. ಕುದಿಯುವ ನೀರು ಸುರಿದು ಹಿಟ್ಟು ನಾದಿದರು. ರಾವ್ ಗಾರು ಕೆಳಗಿನ ೨೦೪ರ ಖಾಲಿ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

ಆಕೆಯ ಕೈ ಎಂಥ ಕೈ! ಉಂಡೆ ಹಲಗೆಗೆ ಬಿತ್ತು, ತಿರುಗಿತು, ತಪತಪ ಬಡಿದರೆ ಅರ್ಧ ನಿಮಿಷದಲ್ಲಿ ತಾಟಿನಷ್ಟು ಅಗಲ, ಅಂಚು ಎಲ್ಲೂ ಒಡೆದಿಲ್ಲ. ಎರಡನೇ ರೊಟ್ಟಿ ಹಂಚಿನ ಮೇಲೆ ಬೀಳುವ ಮೊದಲೇ ರಾವ್ ಗಾರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಅಮ್ಮಾ, ನಿಮ್ಮ ಕೈಗೆ ನಮಸ್ಕಾರ. ಆದರೆ ನನ್ನ ತಲೆ ಮೇಲೆ ಮದುವೆ ಡೋಲು ಹೊಡೆದ ಹಾಗಾಯ್ತು. ಆಗಲ್ಲ."

ಮಹಾನಂದಾ ಕೈ ಎತ್ತಿ ಹಾಗೇ ಕೂತರು. ಹಿಟ್ಟಿನ ಕೈ, ಮಡಿಲಲ್ಲಿ ಇಡುವಂತಿಲ್ಲ, ಕೆಳಗೆ ಇಡಲೂ ಮನಸ್ಸಿಲ್ಲ. ಸಿದ್ರಾಮ ಸಮಾಧಾನ ಮಾಡಲು ಹೋಗಿ ಹೇಳಿದರು: "ಅದಕ್ಕ ನಾ ಹೇಳ್ತಿದ್ದೆ, ಚಪಾತಿ ಶುರು ಮಾಡು ಅಂತ. ಲಟ್ಟಣಗಿ ಸಪ್ಪಳ ಆಗೂದಿಲ್ಲ."

"ಚಪಾತಿ ಮಾಡಾಕ ಈ ಊರಾಗ ಸಾವಿರ ಮಂದಿ ಅದಾರ. ನಿಮ್ಮನ್ನ ಕಟಗೊಂಡದ್ದ ಸಾಕಾಗೈತಿ, ಲಟ್ಟಣಗಿ ಬ್ಯಾರೆ ಕಟಗೋಬೇಕೇನು?"

ಪರೀಕ್ಷೆ ನೋಡಲು ಬಂದಿದ್ದ ನಮ್ಮ ಸೈಟ್ ಎಂಜಿನಿಯರ್ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಸಿದ್ರಾಮರ ಮುಖ ನೋಡಿ ನಕ್ಕುಬಿಟ್ಟ. ರಾವ್ ಗಾರು ಗಡಿಯಾರ ನೋಡಿ, ಆ ಮಹಡಿ ನೋಡಲು ಜನ ಬರುವ ಹೊತ್ತಾಯಿತು, ಖಾಲಿ ಮಾಡಿ ಎಂದರು. ಮಹಾನಂದಾ ಏಳಲಿಲ್ಲ.

"ಹಿಟ್ಟ ನಾದೀನ್ರಿ. ಹಂಗ ಬಿಟ್ರ ಆರಿ ಒಡದ ಹೋಗ್ತೈತಿ. ಮನಿ ಸಿಗ್ಲಿ ಬಿಡ್ಲಿ, ಎಲ್ಲರೆ ಒಂದು ಕಡೆ ಮಾಡಿ ಮುಗಸ್ತೀನಿ. ಇಷ್ಟು ಮಂದಿ ಬಂದೀರಿ, ಉಂಡ ಹೋಗ್ರಿ."

ಎಲ್ಲಿ ಕೂರಿಸುವುದು? ಶೆಡ್ಡಿನಲ್ಲಿ ಗ್ರಾಹಕರಿರುತ್ತಾರೆ. ಯಾರೂ ನೋಡಲು ಬರದ ಫ್ಲ್ಯಾಟ್ ಒಂದೇ ಒಂದಿತ್ತು, ೧೦೧. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೈದರಾಬಾದಿನ ಇಂಥ ಕಟ್ಟಡಗಳಲ್ಲಿ ನೆಲಮಟ್ಟದಲ್ಲಿ ಮನೆಗಳಿರುವುದಿಲ್ಲ. ಬರೀ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ, ಅದಕ್ಕೆ ಸ್ಟಿಲ್ಟ್ ಎನ್ನುತ್ತಾರೆ. ಅದರ ಮೇಲೆ ಮೊದಲನೇ ಮಹಡಿ. ೧೦೧ ಅದರ ಮೂಲೆಯಲ್ಲಿತ್ತು. ಪಶ್ಚಿಮದ ಬಾಗಿಲು, ಕಾರಿನ ಹೊಗೆ, ರಸ್ತೆಯ ಧೂಳು, ಅಡುಗೆಮನೆಯ ಗೋಡೆಗೆ ಅಂಟಿ ಮೆಟ್ಟಿಲು. ಬುಕಿಂಗ್ ಶುರುವಾದಾಗಿನಿಂದ ಅದನ್ನು ಕೇಳಿದವರೇ ಇಲ್ಲ. ಒಲೆ, ಹಂಚು, ಹಿಟ್ಟಿನ ಪರಾತ ಹೊತ್ತು ನಾವೆಲ್ಲ ಮೆರವಣಿಗೆಯಂತೆ ಕೆಳಗಿಳಿದೆವು.

ರೊಟ್ಟಿ ಮತ್ತೆ ಶುರುವಾಯಿತು. ರಾವ್ ಗಾರು ಕಾರಿನಲ್ಲಿ ಕೂತು ಫೋನಿನಲ್ಲಿದ್ದರು. ಊಟಕ್ಕೆ ಕರೆಯಲೆಂದು ನಾನು ಸ್ಟಿಲ್ಟಿಗೆ ಇಳಿದೆ. ಅವರ ಕಾರು ನಿಂತದ್ದು ೧೦೧ರ ಅಡುಗೆಮನೆಯ ನೇರ ಕೆಳಗೆ. ಅವರು ಆರಾಮವಾಗಿ ಮಾತಾಡುತ್ತಿದ್ದರು. ಆಗ ನನಗೆ ಹೊಳೆಯಿತು. ಕಾರಿನ ಗಾಜು ತಟ್ಟಿದೆ.

"ಸಾರ್, ಏನಾದ್ರೂ ಕೇಳಿಸ್ತಾ?"

"ಏನು ಕೇಳಿಸಬೇಕು?"

"ನಿಮ್ಮ ತಲೆ ಮೇಲೇ ರೊಟ್ಟಿ ಬಡೀತಿದ್ದಾರೆ."

ಅವರು ಕಾರಿನಿಂದ ಇಳಿದು ಮೇಲೆ ನೋಡಿದರು. ಗಾಜಿನ ಹೊರಗೆ ಸದ್ದು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೆಳಗೆ ಮಲಗಿದವರು ಯಾರು? ಕಾರುಗಳು. ನಾನು ಎಂಜಿನಿಯರನ್ನು ಮೇಲಿನ ೨೦೧ಕ್ಕೆ ಓಡಿಸಿದೆ. ಅವನು ಬಾಲ್ಕನಿಯಿಂದ ಬಗ್ಗಿ ತೆಲುಗಿನಲ್ಲಿ ಕೂಗಿದ: "ಸದ್ದು ಏನೂ ಇಲ್ಲ ಸಾರ್! ವಾಸನೆ ಮಾತ್ರ ಗಂ ಅಂತಿದೆ!" ಬಡಿದ ಪೆಟ್ಟು ಸ್ಲ್ಯಾಬಿನಿಂದ ಕೆಳಕ್ಕೆ ಹೋದಷ್ಟು ಮೇಲಕ್ಕೆ ಏರುವುದಿಲ್ಲ ಎಂದು ಆಮೇಲೆ ವಿವರಿಸಿದ. ಪಕ್ಕದ ಗೋಡೆಯಾಚೆ ಮೆಟ್ಟಿಲು ಇದ್ದದ್ದರಿಂದ ಅತ್ತ ಕಡೆಯೂ ಯಾರಿಗೂ ತೊಂದರೆಯಿರಲಿಲ್ಲ.

೧೦೧ರ ಬರಿ ನೆಲದ ಮೇಲೆ ಎಲ್ಲರೂ ಸಾಲಾಗಿ ಕೂತೆವು. ಮುಚ್ಚಿದ ಪಾತ್ರೆಗಳಲ್ಲಿ ಎಣ್ಣೆಗಾಯಿ ಮತ್ತು ಪುಂಡಿಪಲ್ಯೆ. ನಮ್ಮ ಪುಂಡಿ ಸೊಪ್ಪಿಗೇ ತೆಲುಗಿನವರು ಗೋಂಗೂರ ಎನ್ನುತ್ತಾರೆ. ರಾವ್ ಗಾರು ಒಂದು ತುತ್ತು ಬಾಯಿಗಿಟ್ಟು ಕಣ್ಣು ದೊಡ್ಡದು ಮಾಡಿದರು. "ಇದು ಮನ ಗೋಂಗೂರ, ನಮ್ಮ ಗೋಂಗೂರ!"

"ಅಲ್ರಿ, ಇದು ನಮ್ಮ ಪುಂಡಿ."

"ಗೋಂಗೂರ ಅಮ್ಮಾ!"

"ಹಾಕ್ಲೇನ್ರಿ ಇನ್ನಷ್ಟು ನಿಮ್ಮ ಗೋಂಗೂರ?"

ಮನೆ ನೋಡಲು ಬಂದವರೂ ವಾಸನೆ ಹಿಡಿದು ಒಳಗೆ ಇಣುಕಿದರು. ಅವರಿಗೂ ಬಡಿಸಿದೆವು. ಅದರಲ್ಲಿ ಧಾರವಾಡದ ಒಬ್ಬ ಹುಡುಗ ಫ್ಲ್ಯಾಟ್ ಕೇಳುವುದು ಬಿಟ್ಟು ಡಬ್ಬಿ ಎಂದಿನಿಂದ ಕಳಿಸುತ್ತೀರಿ ಎಂದು ಕೇಳಿದ.

ಕೈ ತೊಳೆದ ಮೇಲೆ ರಾವ್ ಗಾರು ಉದಾರವಾಗಿ ಹೇಳಿದರು: "ಅಮ್ಮಾ, ಈ ೧೦೧ ತಗೊಳ್ಳಿ. ನನ್ನ ಅಡ್ಡಿ ಇಲ್ಲ."

ಸಿದ್ರಾಮ "ಹ್ಞೂಂ" ಅನ್ನಲು ಬಾಯಿ ತೆರೆದರು. ಮಹಾನಂದಾ ಅವರ ಮೊಣಕಾಲಿನ ಮೇಲೆ ಕೈ ಇಟ್ಟರು, ಬಾಯಿ ಮುಚ್ಚಿತು. ಅಸಲಿ ಮಾತುಕತೆ ಶುರುವಾದದ್ದು ಆಗ.

"ನಿಮ್ಮ ಅಡ್ಡಿ ಇಲ್ಲಂದ್ರ ಸಂತೋಷ್ರಿ. ಆದ್ರ ಇಲ್ಲಿ ಧೂಳ ಬರ್ತೈತಿ. ಹೊಗಿ ಬರ್ತೈತಿ. ಬಾಗಲಾ ಪಡುವಣಕ್ಕ. ಯಾರೂ ಇದನ್ನ ಕೇಳವಲ್ರಂತ."

ರಾವ್ ಗಾರು ನನ್ನನ್ನು ದುರುಗುಟ್ಟಿ ನೋಡಿದರು. "ನಾನು ಹೇಳಿಲ್ಲ ಸಾರ್," ಎಂದೆ.

"ವಾಚ್‌ಮನ್ ಹೆಂಡ್ತಿ ಹೇಳ್ಯಾಳ್ರಿ. ನಾ ಏನ್ ಮುಚ್ಚಿ ಇಡೂದಿಲ್ಲ ಸಾಹೇಬ್ರ. ಈ ಮನಿ ನನಗ ಬೇಕು. ನಿಮಗ ಇದು ಹೋದ್ರ ಸಾಕು. ಇಬ್ರಿಗೂ ಗರಜು ಐತಿ, ಸರಿ ಮಾತಾಡೋಣು."

ರಾವ್ ಗಾರು ಮೀಸೆಯಲ್ಲೇ ನಕ್ಕು, ದರ ಮಾತ್ರ ಮುಟ್ಟಬೇಡಿ ಎಂದರು. ಮುಟ್ಟುವುದಿಲ್ಲ ಎಂದರು ಆಕೆ. ಆಮೇಲೆ ಬೆರಳು ಮಡಿಸಲು ಶುರು ಮಾಡಿದರು. ಮಾಡ್ಯುಲರ್ ಕಿಚನ್ ಬೇಡ.

"ಎಲ್ಲರೂ ಅದಕ್ಕೇ ಬೀಳ್ತಾರಮ್ಮಾ!"

"ನಿಂತು ರೊಟ್ಟಿ ಬಡಿಯಾಕ ನನಗ ಬರೂದಿಲ್ರಿ. ಆ ಡಬ್ಬಿ ಕಪಾಟ ಎಲ್ಲ ನೀವ ಇಟಗೋರಿ. ನನಗ ಕುಂದ್ರಾಕ ಗಿಡ್ಡ ಕಟ್ಟಿ ಕಟ್ಟಿಸಿ, ಮ್ಯಾಲೆ ದಪ್ಪನ ಶಹಾಬಾದ ಕಲ್ಲ ಹಾಸ್ರಿ."

ಕಲ್ಲಿನ ಕೆಳಗೆ ರಬ್ಬರ್ ಶೀಟು ಹಾಕಿದರೆ ಇರುವ ಸದ್ದೂ ಅರ್ಧವಾಗುತ್ತದೆ ಎಂದು, ನಾನು ತೆಲುಗಿನಲ್ಲಿ ತಿಳಿಸಿದ ಮೇಲೆ, ಎಂಜಿನಿಯರ್ ಸೇರಿಸಿದ. ಕ್ಲಬ್ ಮೆಂಬರ್‌ಶಿಪ್ ಬೇಡ, ಅದರ ಬದಲು ಹೋಟೆಲಿಗೆ ಹಾಕುವಂಥ ಎಕ್ಸಾಸ್ಟ್ ಫ್ಯಾನು. ಬಂಗಾರದ ನಾಣ್ಯಕ್ಕೆ ಬಂದಾಗ ಸಿದ್ರಾಮ ತಡೆಯಲಾರದೆ "ಅದೊಂದು ಇರ್ಲಿ!" ಎಂದುಬಿಟ್ಟರು.

"ಅದೂ ಬ್ಯಾಡ. ಅದರ ಬದಲಿ ರಿಜಿಸ್ಟ್ರೇಷನ್ ಖರ್ಚು ಸಾಹೇಬರು ಹಾಕ್ಲಿ."

"ಅಮ್ಮಾ, ನಾಣ್ಯ ಎಲ್ಲಿ, ರಿಜಿಸ್ಟ್ರೇಷನ್ ಎಲ್ಲಿ!" ಎಂದು ರಾವ್ ಗಾರು ಎದ್ದೇ ನಿಂತರು. ಎದ್ದವರನ್ನು ಆಕೆ ಮಜ್ಜಿಗೆ ಕೊಟ್ಟು ಕೂರಿಸಿದರು. ನಾನು ಕ್ಯಾಲ್ಕುಲೇಟರ್ ತೆಗೆದೆ. ಆಕೆ ವಾಪಸ್ ಕೊಟ್ಟದ್ದರ ಬೆಲೆ ಒಂದು ಕಡೆ, ಕೇಳಿದ್ದರ ಬೆಲೆ ಇನ್ನೊಂದು ಕಡೆ ಹಾಕಿ ತೋರಿಸಿದೆ. ರಿಜಿಸ್ಟ್ರೇಷನ್ ಅರ್ಧ ನಾವು ಹಾಕಿದರೆ ತಕ್ಕಡಿ ಹೆಚ್ಚೂಕಡಿಮೆ ಸಮ. ಅರ್ಧಕ್ಕೆ ಇಬ್ಬರೂ ಒಪ್ಪಿದರು. ಕೊನೆಗೆ ಪಾರ್ಕಿಂಗ್. ಎಲ್ಲರೂ ಗೇಟಿನ ಹತ್ತಿರದ ಜಾಗಕ್ಕೆ ಜಗಳವಾಡುತ್ತಿದ್ದರು. ಆಕೆ ಕೇಳಿದ್ದು ತನ್ನ ಅಡುಗೆಮನೆಯ ನೇರ ಕೆಳಗಿನ ಮೂಲೆ. "ಅಲ್ಲಿ ನಮ್ಮ ಡಬ್ಬಿ ಗಾಡಿ ನಿಲ್ಲಲಿ. ತಲಿ ಮ್ಯಾಲೆ ಸಪ್ಪಳ ಅಂತ ಅದೇನ್ ತಕರಾರ ಮಾಡೂದಿಲ್ಲ."

ರಾವ್ ಗಾರು ಕೈ ಮುಂದೆ ಚಾಚಿದರು. "ಆಯ್ತು. ಮಾತು ಕೊಟ್ಟೆ."

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಇನ್ನೊಂದು ಬಾಕಿ ಇದೆ. ಬೆಳಿಗ್ಗೆ ರೊಟ್ಟಿ ಮಾಡಿ ಹೊರಗೆ ಕಳಿಸೋಕೆ ಅನುಮತಿ ಅಂತ ಅಗ್ರಿಮೆಂಟಿನಲ್ಲಿ ಬರೀಬೇಕು."

ಆಗ ಇಂದಿನ ಹಾಗೆ ರೇರಾ ಕಾನೂನು ಇರಲಿಲ್ಲ. ಬಿಲ್ಡರ್ ಬಾಯಲ್ಲಿ ಹೇಳಿದ್ದು ಬಾಯಲ್ಲೇ ಉಳಿಯುತ್ತಿತ್ತು. ಕಟ್ಟಡ ಮುಗಿದ ಮೇಲೆ ಬಿಲ್ಡರ್ ಹೋಗುತ್ತಾನೆ, ಮನೆ ಮಾಲೀಕರ ಅಸೋಸಿಯೇಷನ್ ಬರುತ್ತದೆ. ಅದಕ್ಕೆ ಬಿಲ್ಡರನ ಮಾತು ಗೊತ್ತಿರುವುದಿಲ್ಲ, ಕಾಗದ ಮಾತ್ರ ಗೊತ್ತು.

"ನೀನು ಯಾರ ಕಡೆಯವನಯ್ಯಾ? ಸಂಬಳ ಕೊಡೋದು ನಾನು!"

"ನಿಮ್ಮ ಕಡೆಯವನೇ ಸಾರ್. ನಾಳೆ ಜಗಳವಾದರೆ ಅವರು ಮೊದಲು ಬರೋದು ನಿಮ್ಮ ಬಾಗಿಲಿಗೆ. ಬರೆದಿಟ್ಟರೆ ಇಬ್ಬರಿಗೂ ನೆಮ್ಮದಿ."

ಮಹಾನಂದಾ ಕೈ ಕಟ್ಟಿ ಕೂತು ನೆಲ ನೋಡಿದರು. ಬಾಕಿ ಎಲ್ಲ ಸಿಕ್ಕು ಇದೊಂದು ಸಿಗದಿದ್ದರೆ ಆಕೆ ಎದ್ದು ಹೋಗುತ್ತಾರೆಂದು ನನಗೆ ಗೊತ್ತಾಯಿತು. ರಾವ್ ಗಾರು ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯ ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಬರಿ. ಆದರೆ ಬೋರ್ಡು ಹಾಕಬಾರದು, ಹೊರಗಿನ ಆಳು ಇಡಬಾರದು, ಬೆಳಿಗ್ಗೆ ಐದಕ್ಕಿಂತ ಮೊದಲು ಬಡೀಬಾರದು."

"ಐದಕ್ಕ ಶುರು ಮಾಡಿದ್ರ ಸಾಕ್ರಿ," ಎಂದರು ಮಹಾನಂದಾ. ಕೂಡಲೇ ಸೆರಗಿನಿಂದ ಮುಖ ಒರೆಸಿಕೊಂಡು, "ಹೊಗಿ ಹೊಗಿ," ಎಂದು ಆರಿದ ಒಲೆಯ ಕಡೆ ಕೈ ತೋರಿಸಿದರು.

ಆ ಷರತ್ತನ್ನು ಮಾರಾಟದ ಅಗ್ರಿಮೆಂಟಿನಲ್ಲೂ, ಅಸೋಸಿಯೇಷನ್ನಿಗಾಗಿ ನಾವು ತಯಾರಿಸುತ್ತಿದ್ದ ಬೈಲಾ ಕರಡಿನಲ್ಲೂ ನಾನೇ ಕೂತು ಸೇರಿಸಿದೆ. ಕಾಮರ್ಸ್ ಓದಿದ್ದಕ್ಕೆ ಅವತ್ತು ಸಾರ್ಥಕ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಜನ ಬಂದು ಸೇರಿದ ಮೇಲೆ ಅಸೋಸಿಯೇಷನ್ನಿನ ಮೊದಲ ಸಭೆಗೆ ಬಿಲ್ಡರ್ ಪರವಾಗಿ ನಾನು ಹೋಗಿದ್ದೆ. ೨೦೧ರ ಯಜಮಾನರು ಎದ್ದು ನಿಂತು, ೧೦೧ರ ಮೇಲೆ ದೂರು ಇದೆ ಎಂದರು. ನಾನು ಬೈಲಾ ಹಾಳೆ ಹುಡುಕತೊಡಗಿದೆ. ಮಹಾನಂದಾ ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತರು.

"ಸದ್ದಿನ ಬಗ್ಗೆ ಅಲ್ಲ," ಎಂದರು ೨೦೧ರವರು. "ದಿನಾ ಬೆಳಿಗ್ಗೆ ವಾಸನೆ ನಮ್ಮ ಮನೆಗೆ ಬರುತ್ತೆ, ರೊಟ್ಟಿ ಮಾತ್ರ ಗಚ್ಚಿಬೌಲಿಗೆ ಹೋಗುತ್ತೆ. ಇದು ಯಾವ ನ್ಯಾಯ?"

ಸಭೆಯೆಲ್ಲ ನಕ್ಕಿತು. ಮಹಾನಂದಾ ಎದ್ದು ನಿಂತು, ತೆಲುಗಿನಲ್ಲಿ, ಗಂಡನಿಗಿಂತ ಎಷ್ಟೋ ಚೆನ್ನಾದ ತೆಲುಗಿನಲ್ಲಿ, ಬಿಲ್ಡಿಂಗಿನವರಿಗೆ ಎಷ್ಟು ಡಬ್ಬಿ ಬೇಕೋ ಹೆಸರು ಬರೆಸಿ ಎಂದರು. ಅಸೋಸಿಯೇಷನ್ನಿನಲ್ಲಿ ಒಮ್ಮತದಿಂದ ಪಾಸಾದ ಮೊದಲ ವಿಷಯ ಅದೇ. ಬ್ಯಾಂಕಿನ ಸಾಲವನ್ನು ಅವರು ಅವಧಿಗೆ ಮೊದಲೇ ತೀರಿಸಿದರು ಎಂದು ಸಿದ್ರಾಮ ಎಷ್ಟೋ ವರ್ಷದ ಮೇಲೆ ಫೋನ್ ಮಾಡಿ ಹೇಳಿದರು. ತೀರಿಸಿದ್ದು ಆಕೆ, ಫೋನ್ ಮಾಡಿ ಹೆಮ್ಮೆಪಟ್ಟದ್ದು ಅವರು.

ನಿವೃತ್ತಿಯಾಗುವವರೆಗೆ ನಾನು ಎಷ್ಟು ಮನೆ ಮಾರಿದೆನೋ ಲೆಕ್ಕವಿಟ್ಟಿಲ್ಲ. ಆದರೆ ಆ ಭಾನುವಾರದ ನಂತರ ಬಂದವರಿಗೆ ಥರ್ಮೋಕೋಲಿನ ಕಟ್ಟಡ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳುವ ಅಭ್ಯಾಸವಾಯಿತು: ಈ ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ? ಒಬ್ಬರು ಮೃದಂಗ ಎಂದರು, ಒಬ್ಬರು ಗಾಲಿಕುರ್ಚಿಯ ತಾಯಿಗೆ ಸ್ನಾನ ಎಂದರು, ಒಬ್ಬಾಕೆ ಹೊಲಿಗೆ ಮಷಿನ್ ಎಂದರು. ಉತ್ತರ ಸಿಕ್ಕ ಮೇಲೆ ಬಿಲ್ಡರನಿಂದ ಏನು ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತಿತ್ತು. ಹೊಸ ಮನೆ ಕೊಳ್ಳುವವರಿಗೆ ಈ ಕೆಲಸದಿಂದ ನಾನು ಕಲಿತು ಹೇಳುವುದು ಇಷ್ಟೇ. ಪುಕ್ಕಟೆ ಎಂದು ಮುಂದೆ ಇಟ್ಟದ್ದರಲ್ಲಿ ನಿಮಗೆ ಬೇಡದ್ದನ್ನು ನಾಚದೆ ಹಿಂದಕ್ಕೆ ಕೊಡಿ. ಹಾಗೆ ಕೊಟ್ಟದ್ದೇ ಬೇಕಾದ್ದನ್ನು ಕೇಳಲು ನಿಮ್ಮ ಬಂಡವಾಳ. ಮತ್ತು ಯಾವುದು ಸಿಗದಿದ್ದರೆ ಆ ಮನೆಯಲ್ಲಿ ನೀವು ನೀವಾಗಿ ಇರಲಾರಿರೋ, ಅದನ್ನು ಮಾತ್ರ ಯಾರ ಬಾಯಿಮಾತಿಗೂ ಬಿಡಬೇಡಿ, ಬರೆಸಿಕೊಳ್ಳಿ.